ಇಂದಿನ ಧಮ್ಮ ಚಿಂತನೆ: ಕ್ರೂಸ್ ಕಂಟ್ರೋಲ್ ಮತ್ತು ಅಪ್ಪಮಾದ



ಹೋದ ವಾರ ನಮ್ಮ ಗ್ರೂಪಿನಲ್ಲಿ ಒಬ್ಬ ತಮ್ಮ ಒಂದು ಪ್ರಶ್ನೆ ಹಾಕಿದ್ದರು. "ಹೊಸ ಗಾಡಿ ತಗೊಂಡೀನ್ರಿ, ಅದರಾಗ ಕ್ರೂಸ್ ಕಂಟ್ರೋಲ್ ಅದ. ಹಚ್ಚಲಾಕ ಅಂಜಿಕಿ ಬರ್ತದ. ಈ ಸಲ ವಿಜಯದಶಮಿಗೆ ಮನಿ ಮಂದಿನೆಲ್ಲ ಕರ್ಕೊಂಡು ನಾಗಪುರಕ್ಕ ಹೋಗೋದದ. ಬಳಸಬೇಕೋ ಬ್ಯಾಡೋ?" ಕೆಲವರು ನಗುವ ಚಿತ್ರ ಹಾಕಿದರು. ಧಮ್ಮದ ಗ್ರೂಪಿನಲ್ಲಿ ಗಾಡಿಯ ಮಾತು ಯಾಕೆ ಎಂದು ಒಬ್ಬರು ಬರೆದರು. ನಾನು ಆ ದಿನ ಸುಮ್ಮನಿದ್ದೆ. ಉತ್ತರ ಕೊಡಬೇಕಾದರೆ ನನ್ನ ಒಂದು ತಪ್ಪು ಹೇಳಬೇಕಾಗುತ್ತದೆ, ಅದಕ್ಕೆ ಮನಸ್ಸು ಹಿಂದೆ ಮುಂದೆ ನೋಡುತ್ತಿತ್ತು. ಇವತ್ತು ಹೇಳುತ್ತೇನೆ.

ಮೊದಲು ಆ ಯಂತ್ರದ ವಿಷಯ. ಕ್ರೂಸ್ ಕಂಟ್ರೋಲ್ ಎಂದರೆ ಗಾಡಿ ತಾನೇ ಓಡುವುದಲ್ಲ. ನಾವು 80ರ ವೇಗದಲ್ಲಿ ಹೊರಟಾಗ 'ಸೆಟ್' ಬಟನ್ ಒತ್ತಿದರೆ, ಎಕ್ಸಲರೇಟರ್ ಮೇಲಿನ ಕಾಲು ತೆಗೆದರೂ ಗಾಡಿ ಅದೇ 80 ಹಿಡಿದು ಹೋಗುತ್ತದೆ. ಏರು ಬಂದರೆ ತಾನೇ ರೇಸ್ ಹೆಚ್ಚು ಮಾಡುತ್ತದೆ, ಏರು ಮುಗಿದರೆ ಇಳಿಸುತ್ತದೆ. ಅಷ್ಟೇ ಅದರ ಕೆಲಸ. ಸ್ಟೇರಿಂಗ್ ನಮ್ಮದು, ಬ್ರೇಕ್ ನಮ್ಮದು, ಕಣ್ಣು ನಮ್ಮದು. ಮುಂದಿನ ಗಾಡಿಯನ್ನು ರಡಾರಿನಿಂದ ನೋಡಿ ತಾನೇ ನಿಧಾನವಾಗುವ ದುಬಾರಿ ಗಾಡಿಗಳೂ ಬಂದಿವೆ. ಆದರೆ ಸಾದಾ ಕ್ರೂಸ್ ಕಂಟ್ರೋಲಿಗೆ ಕಣ್ಣಿಲ್ಲ. ಮುಂದೆ ಲಾರಿ ನಿಂತಿದ್ದರೂ ಅದು 80ರಲ್ಲೇ ಹೋಗಿ ಹಾಯುತ್ತದೆ.

ವಿಚಿತ್ರ ನೋಡಿ, ಇದನ್ನು ಕಂಡುಹಿಡಿದವರಿಗೂ ಕಣ್ಣಿರಲಿಲ್ಲ. ರಾಲ್ಫ್ ಟೀಟರ್ ಎಂಬ ಅಮೆರಿಕದ ಇಂಜಿನಿಯರ್, ಐದನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. ಒಮ್ಮೆ ಅವರು ತಮ್ಮ ವಕೀಲರ ಕಾರಿನಲ್ಲಿ ಕೂತು ಹೋಗುತ್ತಿದ್ದರಂತೆ. ವಕೀಲರು ಮಾತಾಡುವಾಗ ಗಾಡಿ ನಿಧಾನ, ಇವರ ಮಾತು ಕೇಳುವಾಗ ಜೋರು. ಹೀಗೆ ದಾರಿಯುದ್ದಕ್ಕೂ ಜೋಲಿ. ಟೀಟರ್ ಅವರಿಗೆ ಅದು ಮೈಗೆ ಗೊತ್ತಾಯಿತು, ಕಣ್ಣಿದ್ದ ವಕೀಲರಿಗೆ ಗೊತ್ತೇ ಆಗಿರಲಿಲ್ಲ. ಅದರಿಂದ ಬೇಸತ್ತು ಅವರು ಈ ಯಂತ್ರದ ಕೆಲಸಕ್ಕೆ ಕೈ ಹಾಕಿದರು ಎಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು. ವಿಪಸ್ಸನಾ ಶಿಬಿರದಲ್ಲಿ ಕೂತವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಮನಸ್ಸು ಎತ್ತ ಹೋಯಿತೋ ಕಾಲೂ ಅತ್ತಲೇ ಹೋಯಿತು, ಹೋದದ್ದು ತಿಳಿಯಲಿಲ್ಲ.

ಈಗ ನನ್ನ ಕಥೆ. ನನ್ನ ಅಕ್ಕನ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಎರಡು ವರ್ಷದ ಹಿಂದೆ ಅಶೋಕ ವಿಜಯದಶಮಿಗೆ ಅವನ ಗಾಡಿಯಲ್ಲಿ ಕುಶನೂರಿನಿಂದ ದೀಕ್ಷಾಭೂಮಿಗೆ ಹೊರಟೆವು. ಗಾಡಿಗೆ ನೀಲಿ ಬಾವುಟ ಕಟ್ಟಿದ್ದೆವು. ಔರಾದ ದಾಟಿ, ದೇಗಲೂರ ಮೇಲೆ ನಾಂದೇಡ ಮುಟ್ಟುವವರೆಗೆ ಅವನೇ ಹೊಡೆದ. ನಾಂದೇಡದಿಂದ ಯವತಮಾಳ, ವರ್ಧಾ ಮೇಲೆ ಹೋಗುವ 361ನೇ ಹೆದ್ದಾರಿ ನಿಮಗೆ ಗೊತ್ತು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಅಗಲ ರೋಡು ಬಂದಾಗ ಅವನು ಬಟನ್ ಒತ್ತಿಸಿ, "ಮಾಮಾ, ಈಗ ಕಾಲ ತಗೀರಿ" ಎಂದ.

"ಕಾಲ ತಗದರ ಗಾಡಿ ಯಾರ ಕೈಯಾಗ ಅದೋ?"

"ನಿಮ್ಮ ಕೈಯಾಗೇ ಅದ ಮಾಮಾ. ಕಾಲಿಗಷ್ಟೇ ಸೂಟಿ."

ಕಾಲು ತೆಗೆದೆ, ಆದರೆ ಮೈಯೆಲ್ಲ ಬಿಗಿಯಿತ್ತು. ಎದೆ ಡವಡವ. ಅದಕ್ಕೆ ಅವನು ಒಂದು ಒಳ್ಳೆಯ ಉಪಾಯ ಮಾಡಿದ. ರೋಡು ಖಾಲಿ ಇದ್ದಲ್ಲಿ, ಹಿಂದೆ ಗಾಡಿ ಇಲ್ಲದ್ದು ನೋಡಿ, ಬ್ರೇಕನ್ನು ಸ್ವಲ್ಪ ಒತ್ತಲು ಹೇಳಿದ. ಒತ್ತಿದ ಕೂಡಲೇ ಕ್ರೂಸ್ ಬಿಟ್ಟುಕೊಟ್ಟಿತು. ಮತ್ತೆ ಸೆಟ್, ಮತ್ತೆ ಬ್ರೇಕ್. ಐದಾರು ಸಲ ಹೀಗೆ ಮಾಡಿದ ಮೇಲೆ ಎದೆ ಹಗುರಾಯಿತು. ಯಂತ್ರ ಹಿಡಿದುಕೊಳ್ಳುತ್ತದೆ ಎಂದು ತಿಳಿದಾಗ ನನ್ನ ಅಂಜಿಕೆ ಹೋಗಿರಲಿಲ್ಲ, ನಾನು ಬೇಕೆಂದಾಗ ಬಿಡುತ್ತದೆ ಎಂದು ಕಾಲಿಗೆ ತಿಳಿದಾಗ ಹೋಯಿತು. ತಮ್ಮಾ, ನಿನ್ನ ಪ್ರಶ್ನೆಗೆ ಮೊದಲ ಉತ್ತರ ಇದೇ. ಹಚ್ಚುವುದನ್ನು ಆಮೇಲೆ ಕಲಿ, ಬಿಡಿಸುವುದನ್ನು ಮೊದಲು ಕಲಿ.

ಇಷ್ಟಾದ ಮೇಲೆ ಅವನು 'ರೆಸ್ಯೂಮ್' ಎಂಬ ಇನ್ನೊಂದು ಬಟನಿನ ಬಗ್ಗೆ ಹೇಳಲು ಹೋದ. ನಾನು, "ಗೊತ್ತದ ಬಿಡೋ, ಮೂವತ್ತು ವರ್ಷದಿಂದ ಗಾಡಿ ಹೊಡಿಲತ್ತೀನಿ" ಎಂದೆ. ಗೊತ್ತಿರಲಿಲ್ಲ. ಅಳಿಯನ ಮುಂದೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಬುಟಿಬೋರಿ ದಾಟಿ ನಾಗಪುರ ಹತ್ತಿರ ಬಂದಂತೆ ರೋಡಿನ ಬದಿಗೆ ಬಿಳಿ ಬಟ್ಟೆ ತೊಟ್ಟು, ನೀಲಿ ಬಾವುಟ ಹಿಡಿದು ನಡೆಯುವ ನಮ್ಮವರ ಸಾಲು. ಬ್ರೇಕ್ ಹಾಕಿದೆ, ಕ್ರೂಸ್ ಬಿಟ್ಟಿತು, ಗಾಡಿ 45ಕ್ಕೆ ಇಳಿಯಿತು. ಇದೇ ವೇಗ ಹಿಡಿದು ಹೋಗಲಿ ಎಂದು ಬಟನ್ ಒತ್ತಿದೆ. ಒತ್ತಿದ್ದು ರೆಸ್ಯೂಮ್. ರೆಸ್ಯೂಮ್ ಎಂದರೆ ಈಗಿನ ವೇಗ ಅಲ್ಲ, ಹಿಂದೆ ನೆನಪಿಟ್ಟ ವೇಗ. ಅರ್ಧ ತಾಸಿನ ಹಿಂದೆ ಖಾಲಿ ರೋಡಿನಲ್ಲಿ ನಾನು ಹಾಕಿದ್ದ 90 ಅದರ ನೆನಪಿನಲ್ಲಿತ್ತು. ಗಾಡಿ ಗುರ್ ಎಂದು ಎದ್ದಿತು. ಮುಂದೆ ಡಿವೈಡರ್ ಸಂದಿನಿಂದ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ರೋಡು ದಾಟುತ್ತಿದ್ದಳು. ಕಾಲಿಗೆ ಸೂಟಿ ಎಂದು ನಾನು ಕಾಲನ್ನು ಸೀಟಿನ ಕೆಳಗೆ ಮಡಚಿ ಇಟ್ಟಿದ್ದೆ. ಬ್ರೇಕ್ ಹುಡುಕಿದೆ, ಸಿಗಲಿಲ್ಲ. "ಬ್ರೇಕ್ ಮಾಮಾ!" ಎಂದು ಅವನು ಕೂಗಿದ ಮೇಲೆ ಸಿಕ್ಕಿತು. ಗಾಡಿ ನಿಂತಾಗ ಅವರಿಗೂ ನಮಗೂ ಹತ್ತು ಫೂಟು ಅಂತರ.

ಅಜ್ಜಿ ಬಯ್ಯಲಿಲ್ಲ. ಗಾಡಿಯ ಮೇಲಿನ ಬಾವುಟ ನೋಡಿ, "ಜಯ ಭೀಮ. ಸಾವಕಾಶ ಯಾ, ಬಾಬಾ" ಎಂದಳು. ಹೊಡೆದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಮತ್ತೆ ತೆಗೆದು ಓದಿದೆ. ಅದರಲ್ಲಿ 1929ರ ಚಾಳೀಸಗಾಂವದ ಘಟನೆ ಇದೆ. ಸ್ಟೇಷನ್ನಿನಿಂದ ಅವರನ್ನು ನಮ್ಮವರ ಓಣಿಗೆ ಕರೆದೊಯ್ಯಬೇಕಿತ್ತು. ಅಸ್ಪೃಶ್ಯನನ್ನು ಕೂಡಿಸಿಕೊಂಡು ಹೊಡೆಯಲು ಟಾಂಗಾದವರು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಡುತ್ತೇವೆ, ಹೊಡೆಯುವವರನ್ನು ನೀವೇ ನೋಡಿಕೊಳ್ಳಿ ಎಂದರು. ಅತಿಥಿ ನಡೆದು ಬಂದರೆ ಮರ್ಯಾದೆ ಅಲ್ಲ ಎಂದು ನಮ್ಮವರಲ್ಲೇ ಒಬ್ಬರು ಲಗಾಮು ಹಿಡಿದರು. ಅವರಿಗೆ ಟಾಂಗಾ ಹೊಡೆದು ರೂಢಿ ಇರಲಿಲ್ಲ. ನದಿಯ ಸೇತುವೆ ಮೇಲೆ ಚಕ್ರ ಕಲ್ಲಿಗೆ ಬಡಿದು ಬಾಬಾಸಾಹೇಬರು ಹಾಸುಗಲ್ಲಿನ ಮೇಲೆ ಎಸೆಯಲ್ಪಟ್ಟರು, ಕುದುರೆ ಟಾಂಗಾ ಎರಡೂ ನದಿಗೆ ಬಿದ್ದವು. ಕಾಲು ಮುರಿಯಿತು, ಎಷ್ಟೋ ದಿನ ಓಡಾಡಲು ಆಗಲಿಲ್ಲ. ದೊಡ್ಡ ತಪ್ಪು ಜಾತಿಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಬಾಸಾಹೇಬರು ನಮ್ಮವರನ್ನೂ ಬಿಡದೆ ನೋಡಿದ್ದಾರೆ. ಮರ್ಯಾದೆ ಕಾಯುವ ಆತುರದಲ್ಲಿ, ಕೂತವರ ಜೀವ ಅದಕ್ಕಿಂತ ದೊಡ್ಡದು ಎಂಬುದನ್ನು ಅವರು ಮರೆತರು ಎಂಬ ಅರ್ಥದ ಮಾತು ಅಲ್ಲಿದೆ. ಹಿಂದೆ ಎಷ್ಟೋ ಸಲ ಓದಿದ್ದೆ. ಆವತ್ತು ಮಾತ್ರ ಅದು ನನ್ನನ್ನೇ ಹೆಸರು ಹಿಡಿದು ಕರೆದ ಹಾಗಿತ್ತು. ಆ ಬಡವರಿಗಾದರೂ ಕಲಿಸುವವರು ಯಾರೂ ಇರಲಿಲ್ಲ. ನನ್ನ ಪಕ್ಕದಲ್ಲೇ ಕಲಿಸುವವನು ಕೂತಿದ್ದ.

ಧಮ್ಮದಲ್ಲಿ ಗಾಡಿಯ ಮಾತು ಯಾಕೆ ಎಂದವರಿಗೆ ಒಂದು ಸುತ್ತ ನೆನಪಿಸುತ್ತೇನೆ. ಸಂಯುತ್ತ ನಿಕಾಯದ ಮಗ್ಗ ಸಂಯುತ್ತದಲ್ಲಿದೆ. ಜಾಣುಸ್ಸೋಣಿ ಎಂಬ ಬ್ರಾಹ್ಮಣ ಬಿಳಿ ಕುದುರೆ ಹೂಡಿದ, ಎಲ್ಲವೂ ಬಿಳಿಯೇ ಆದ ರಥದಲ್ಲಿ ಸಾವತ್ಥಿಯಿಂದ ಹೊರಟಿದ್ದ. ಜನ ಬಾಯಿ ಬಿಟ್ಟು, ಶ್ರೇಷ್ಠ ರಥವೆಂದರೆ ಇದೇ ಎಂದರು. ಭಿಕ್ಷೆಗೆ ಹೋಗಿದ್ದ ಆನಂದರು ಅದನ್ನು ನೋಡಿ ಬಂದು ಕೇಳಿದಾಗ ಭಗವಾನರು, ಶ್ರೇಷ್ಠ ರಥವೆಂದು ಕರೆಯಬೇಕಾದ್ದು ಆರ್ಯ ಅಷ್ಟಾಂಗಿಕ ಮಾರ್ಗವನ್ನು ಎಂದು ಹೇಳಿ, ಆ ರಥದ ಒಂದೊಂದು ಭಾಗ ಬಿಡಿಸಿ ತೋರಿಸಿದರು. ಅಲ್ಲಿ ಚಕ್ರ ಎಂದರೆ ವಿರಿಯ, ಅಂದರೆ ಪ್ರಯತ್ನ. ಸಾರಥಿ ಎಂದರೆ ಸತಿ, ಕಾವಲಿಗೆ ಕೂತ ಎಚ್ಚರ.

ಕ್ರೂಸ್ ಕಂಟ್ರೋಲ್ ಮಾಡುವುದು ಚಕ್ರದ ಕೆಲಸ. ನಾವು ಒಮ್ಮೆ ತೀರ್ಮಾನ ಮಾಡಿದ ವೇಗವನ್ನು ಅದು ನಮಗಿಂತ ಚೆನ್ನಾಗಿ ಕಾಯುತ್ತದೆ, ವಕೀಲರ ಕಾಲಿನ ಹಾಗೆ ಜೋಲಿ ಹೊಡೆಯುವುದಿಲ್ಲ. ಆದರೆ ಆ ತೀರ್ಮಾನ ಮಾಡಿದಾಗ ಇದ್ದ ರೋಡು ಈಗ ಇಲ್ಲ, ಮುಂದೆ ಅಜ್ಜಿ ಇದ್ದಾಳೆ ಎಂಬುದು ಅದಕ್ಕೆ ತಿಳಿಯದು. ಅದು ಸಾರಥಿಯ ಕೆಲಸ. ನಾನು ಸಾರಥಿಗೂ ಸೂಟಿ ಕೊಟ್ಟಿದ್ದೆ. ಪಂಚಶೀಲದ ಐದನೇ ಶೀಲವನ್ನು ನಾವು ಮದ್ಯದ ಶೀಲ ಎಂದಷ್ಟೇ ಹೇಳುತ್ತೇವೆ. ಅದರೊಳಗಿನ ಪಾಳಿ ಮಾತು ಗಮನಿಸಿ, ಅಲ್ಲಿ 'ಪಮಾದ' ಇದೆ, ಮೈಮರೆವು. ಮದ್ಯ ಬೇಡ ಎಂದದ್ದು ಅದು ಮೈಮರೆವಿಗೆ ಎಡೆಯಾಗುತ್ತದೆ ಎಂದು. ನಾನು ಒಂದು ಹನಿ ಕುಡಿದಿರಲಿಲ್ಲ, ಪಮಾದ ಮಾತ್ರ ಪೂರ್ತಿ ಇತ್ತು. ನಾಂದೇಡ ಬಿಡುವಾಗ ಗಾಡಿಯಲ್ಲಿ ಎಲ್ಲರೂ ಸೇರಿ ತಿಸರಣ ಪಂಚಶೀಲ ಹೇಳಿದ್ದೆವು ಬೇರೆ. ಅದೂ ಒಂದು ಕ್ರೂಸ್ ಕಂಟ್ರೋಲಿನಲ್ಲೇ ಹೋಗಿತ್ತೇನೋ.

ಇನ್ನು ನಿದ್ದೆ. ಕಾಲಿಗೆ ಕೆಲಸ ಇಲ್ಲದಾಗ ನೇರ ರೋಡಿನಲ್ಲಿ ಕಣ್ಣು ಜಗ್ಗುತ್ತದೆ, ಇದು ಕ್ರೂಸಿನ ದೊಡ್ಡ ಅಪಾಯ. 90ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ರೆಪ್ಪೆ ಮುಚ್ಚಿದರೆ 50 ಮೀಟರ್. ಮೊಗ್ಗಲ್ಲಾನರಂಥವರಿಗೇ ಧ್ಯಾನದಲ್ಲಿ ತೂಕಡಿಕೆ ಬಂದಾಗ ಭಗವಾನರು ಹೇಳಿದ ಉಪಾಯಗಳು ಅಂಗುತ್ತರ ನಿಕಾಯದಲ್ಲಿವೆ. ಕಿವಿ ಜಗ್ಗಿಕೋ, ಮೈ ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೋ, ಸುತ್ತ ನೋಡು, ಅಡ್ಡಾಡು. ಯಾವುದಕ್ಕೂ ಹೋಗದಿದ್ದರೆ? ಬಲಕ್ಕೆ ಹೊರಳಿ ಮಲಗು. ಛಲದಿಂದ ಕೂತೇ ಇರು ಎಂದು ಹೇಳಲಿಲ್ಲ. ಧಾಬಾದ ಬದಿಗೆ ಗಾಡಿ ಹಚ್ಚಿ ಅರ್ಧ ತಾಸು ಮಲಗಿದರೆ ದೀಕ್ಷಾಭೂಮಿ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಕುಶನೂರಿನಿಂದ ಔರಾದಿಗೋ ಭಾಲ್ಕಿಗೋ ಹೋಗುವಾಗ ಆ ಬಟನ್ ಮುಟ್ಟುವ ಮಾತೇ ಇಲ್ಲ. ದಸರಾ ಹೊತ್ತಿಗೆ ಅರ್ಧ ರೋಡಿನಲ್ಲಿ ಸೋಯಾ ಹರವಿರುತ್ತಾರೆ, ಉಳಿದರ್ಧದಲ್ಲಿ ಎಮ್ಮೆ, ಟ್ರ್ಯಾಕ್ಟರ್. ಮಳೆಯಲ್ಲೂ ಬೇಡ. ನೀರು ನಿಂತ ರೋಡಿನಲ್ಲಿ ಚಕ್ರ ಹಿಡಿತ ಬಿಟ್ಟಾಗ ಯಂತ್ರ ವೇಗ ಕಾಯಲು ನೋಡುತ್ತದೆ, ಗಾಡಿ ಜಾರುತ್ತದೆ. ಘಾಟಿನ ಇಳಿಜಾರಿನಲ್ಲಿ ಹಾಕಿದ ವೇಗ ಮೀರಿಯೂ ಹೋಗಬಹುದು. ಡಿವೈಡರ್ ಇರುವ ಅಗಲ ರೋಡು, ಒಣ ಹಗಲು, ಗಾಡಿ ಕಡಿಮೆ, ಅಲ್ಲಿ 60ರಿಂದ 70ಕ್ಕೆ ಶುರು ಮಾಡಬೇಕು. ಬೋರ್ಡಿನಲ್ಲಿ ಬರೆದ ಮಿತಿ ದಾಟಬಾರದು. ಹಿಮ್ಮಡಿ ನೆಲಕ್ಕಿಟ್ಟು ಬೆರಳು ಬ್ರೇಕಿನ ಕಡೆ ಇರಲಿ. ಓವರ್‌ಟೇಕ್ ಮಾಡುವಾಗ ರೇಸ್ ಒತ್ತಬಹುದು, ಕಾಲು ತೆಗೆದರೆ ಹಳೆಯ ವೇಗಕ್ಕೆ ತಾನೇ ಬರುತ್ತದೆ. ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಒತ್ತಿದರೂ ಕ್ರೂಸ್ ಬಿಡುತ್ತದೆ. ರೆಸ್ಯೂಮ್ ಒತ್ತುವ ಮೊದಲು, ಹಿಂದೆ ಎಷ್ಟು ಹಾಕಿದ್ದೆ, ಆ ವೇಗ ಈ ಜಾಗಕ್ಕೆ ಒಗ್ಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಾನಂತೂ ಈಗ ಅದನ್ನು ಬಳಸುವುದೇ ಕಡಿಮೆ. ಬೇಕಾದ ವೇಗಕ್ಕೆ ಕಾಲಿನಿಂದ ತಂದು ಹೊಸದಾಗಿ ಸೆಟ್ ಮಾಡುತ್ತೇನೆ.

ತಮ್ಮಾ, ಬಳಸು. ಉದ್ದ ದಾರಿಯಲ್ಲಿ ಮೊಳಕಾಲಿಗೆ ಎಷ್ಟು ಆರಾಮ ಎಂದು ನಿನಗೇ ಗೊತ್ತಾಗುತ್ತದೆ. ಆದರೆ ನಾಗಪುರ ಹತ್ತಿರ ಬಂದು ನಡೆಯುವವರ ಸಾಲು ಕಂಡ ಕೂಡಲೇ ಕ್ರೂಸ್ ಪೂರ್ತಿ ಬಂದ್ ಮಾಡು.

ವಿಜಯದಶಮಿಗೆ ಗಾಡಿ ಒಯ್ಯುವವರೆಲ್ಲ ಈ ಭಾನುವಾರ ವಂದನೆ ಮುಗಿದ ಮೇಲೆ ಅರ್ಧ ತಾಸು ವಿಹಾರದಲ್ಲೇ ಉಳಿಯಿರಿ. ನನ್ನ ಅಳಿಯ ಅವತ್ತು ಊರಿಗೆ ಬರುವವನಿದ್ದಾನೆ. ಯಾವ ಬಟನ್ ಏನು ಮಾಡುತ್ತದೆ ಎಂದು ಅವನ ಗಾಡಿಯಲ್ಲೇ ತೋರಿಸುತ್ತಾನೆ. ನಾನೂ ನಿಮ್ಮ ಜೊತೆ ನಿಂತು ಕೇಳುತ್ತೇನೆ, ಆ ದಿನ ಅವನ ಬಾಯಿ ಮುಚ್ಚಿಸಿದ ಪಾಠ ಪೂರ್ತಿ ಆಗಲಿ.

ಜೈಭೀಮ. ನಮೋ ಬುದ್ಧಾಯ.