'ಗೊತ್ತಿಲ್ಲ' ಎನ್ನಲು ಕಲಿತ ಯಂತ್ರ



ಯುಗಾದಿಯ ಪಾಟ್‌ಲಕ್‌ನಲ್ಲಿ ಗೆಳೆಯರೊಬ್ಬರ ತಂದೆಯವರು ಸಿಕ್ಕಿದ್ದರು. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸಿದವರು. "ನಿಮ್ಮ ಕಾರ್ಖಾನೆಗಳ ತುಂಬಾ ರೋಬೋಗಳಂತೆ. ಮನುಷ್ಯರು ಯಾರಾದ್ರೂ ಉಳಿದಿದ್ದಾರೇನಪ್ಪಾ?" ಎಂದು ಕೇಳಿದರು. ಇಲ್ಲಿ ಮಿಶಿಗನ್ನಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಮೊದಲ ಕೈಗಾರಿಕಾ ರೋಬೋ 'ಯೂನಿಮೇಟ್' 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿತು. ಅಚ್ಚಿನಿಂದ ಕಾದ ಲೋಹದ ತುಂಡುಗಳನ್ನು ಎತ್ತಿಡುವುದು ಅದರ ಕೆಲಸ. ಬಲ ಬಹಳ, ಕಣ್ಣಿಲ್ಲ. ಎದುರಿಗೆ ಬಂದದ್ದು ಮನುಷ್ಯನೆಂದು ಅದಕ್ಕೆ ತಿಳಿಯದು. 1979ರಲ್ಲಿ ನಮ್ಮದೇ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿ ಒಬ್ಬ ಕಾರ್ಮಿಕ ರೋಬೋ ತೋಳಿನ ಹೊಡೆತಕ್ಕೆ ಸಿಕ್ಕಿ ಸತ್ತ. ದೊಡ್ಡ ರೋಬೋಗಳ ಸುತ್ತ ಬೇಲಿ ಹಾಕುವುದು ಇಂಥ ಅಪಾಯಕ್ಕಾಗಿಯೇ.

1996ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೋಲ್ಗೇಟ್ ಮತ್ತು ಪೆಶ್ಕಿನ್, ಮನುಷ್ಯನ ಜೊತೆಯಲ್ಲೇ ಕೆಲಸ ಮಾಡುವ 'ಕೋಬಾಟ್' ಅನ್ನು ರೂಪಿಸಿದರು. ಇಂದಿನ ಅನೇಕ ಕೋಬಾಟ್‌ಗಳು ನಮ್ಮ ಕೈ ತಗುಲಿದರೆ ತಟ್ಟನೆ ನಿಲ್ಲುತ್ತವೆ. ಆದರೆ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಕೂಡಿ ಕೆಲಸ ಮಾಡಿದಂತಾಯಿತೇ? ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ.

ಲೋಹದ ಭಾಗಗಳಲ್ಲಿ ಬಿರುಕು ಹುಡುಕುವ ಕ್ಯಾಮೆರಾಕ್ಕೆ ನಾನು ಪ್ರೋಗ್ರಾಂ ಬರೆದಿದ್ದೆ. ಸಾವಿರಾರು ಫೋಟೋ ನೋಡಿ ಕಲಿತ ಆ ಪ್ರೋಗ್ರಾಂ ಪ್ರತಿ ಭಾಗಕ್ಕೂ ಅಂಕ ಕೊಡುತ್ತದೆ. ಆ ಅಂಕಗಳ ನಡುವೆ ನಾನು ಒಂದೇ ಗೆರೆ ಎಳೆದೆ: ಮೇಲಿದ್ದರೆ ಒಳ್ಳೆಯದು, ಕೆಳಗಿದ್ದರೆ ಕೆಟ್ಟದ್ದು. ಹೀಗಾಗಿ ಎಣ್ಣೆಯ ಕಲೆಗೂ ಕೆಂಪು ದೀಪ! ದಿನವಿಡೀ ಸುಳ್ಳು ದೀಪ ನೋಡಿ ಸಾಕಾದ ಅಲ್ಲಿನ ಹಿರಿಯ ಕೆಲಸಗಾರ್ತಿ, ಭಾಗಗಳನ್ನು ನೋಡದೆಯೇ ಮುಂದಕ್ಕೆ ಬಿಡತೊಡಗಿದರು. ಒಂದು ದಿನ ನಿಜವಾದ ಬಿರುಕೂ ಹಾಗೇ ದಾಟಿತು. ಪುಣ್ಯಕ್ಕೆ ಮುಂದಿನ ಹಂತದಲ್ಲಿ ಸಿಕ್ಕಿತು.

ಮೀಟಿಂಗ್‌ನಲ್ಲಿ ಎಲ್ಲರೂ ಆಕೆಯನ್ನು ದೂರಿದರು. ನಾನೂ ಸುಮ್ಮನಿದ್ದೆ. ತಪ್ಪು ನನ್ನದೂ ಹೌದು ಎಂದು ಹೇಳಲು ಒಂದು ರಾತ್ರಿ ನಿದ್ದೆಗೆಡಬೇಕಾಯಿತು.

ಮರುದಿನ ಮ್ಯಾನೇಜರ್‌ಗೆ ವಿಷಯ ತಿಳಿಸಿ, ಆಕೆಯ ಬಳಿ ಹೋಗಿ ನಿಂತೆ. "ಎಲ್ಲದಕ್ಕೂ ಕೂಗಿದರೆ ನಾನು ಯಾವುದನ್ನು ನಂಬಲಿ?" ಎಂದರು. ಬಟ್ಟೆಯಿಂದ ಒರೆಸಿ ತೋರಿಸಿದರು: ಕಲೆ ಹೋಗುತ್ತದೆ, ಬಿರುಕು ಉಳಿಯುತ್ತದೆ. ಇದು ನನ್ನ ಪ್ರೋಗ್ರಾಂಗೆ ಹೇಗೆ ಗೊತ್ತಾಗಬೇಕು? ಆಮೇಲೆ ಒಂದು ಗೆರೆಯ ಬದಲು ಎರಡು ಎಳೆದೆ. ನಡುವಿನದಕ್ಕೆ 'ಗೊತ್ತಿಲ್ಲ' ಎಂಬ ಹಳದಿ ದೀಪ. ಅನುಮಾನ ಎಲ್ಲಿದೆ ಎಂದು ಯಂತ್ರ ಪರದೆಯ ಮೇಲೆ ತೋರಿಸುತ್ತದೆ. ಆಕೆ ಒರೆಸಿ ನೋಡಿ ತೀರ್ಪು ಕೊಡುತ್ತಾರೆ. ಆ ತೀರ್ಪಿನಿಂದ ಯಂತ್ರ ಕಲಿಯುತ್ತದೆ.

ಇದೇನೂ ಹೊಸ ಉಪಾಯವಲ್ಲ. 1924ರಲ್ಲೇ ಜಪಾನಿನ ಸಕಿಚಿ ಟೊಯೋಡ ಅವರ ಮಗ್ಗ, ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ಟೊಯೋಟ ಕಂಪನಿ ಈ ತತ್ವವನ್ನು 'ಜಿದೋಕ' ಎನ್ನುತ್ತದೆ. ಸ್ವಯಂಚಾಲನೆ ಎಂಬರ್ಥದ ಜಪಾನಿ ಪದದಲ್ಲಿ, ಚಲನೆಯ ಅಕ್ಷರಕ್ಕೆ 'ಮನುಷ್ಯ' ಎಂಬ ಗುರುತನ್ನೂ ಸೇರಿಸಿ ಅದನ್ನು ಬರೆಯುತ್ತಾರೆ!

ಇದನ್ನು ಕೇಳಿ ಹಿರಿಯರು ನಕ್ಕರು. "ನೂಲು ಕಡಿದದ್ದು ತಿಳಿಯದೆ ಮಗ್ಗ ಓಡ್ತಾನೇ ಇದ್ರೆ ಅಷ್ಟೂ ಬಟ್ಟೆ ದಂಡ ಕಣಪ್ಪಾ. ಆದ್ರೆ ನಿಂತ ಮಗ್ಗಕ್ಕೆ ನೂಲು ಕಟ್ಟೋಕೆ ಒಂದು ಕೈ ಬೇಕಲ್ಲ?" ಅವರ ಮೊದಲ ಪ್ರಶ್ನೆಗೆ ಉತ್ತರ ಅವರೇ ಕೊಟ್ಟಿದ್ದರು. ಆ ಕೈಗಳ ಸಂಖ್ಯೆ ಕಡಿಮೆಯಾಗಬಹುದು, ನಿಜ. ಆದರೆ ಉಳಿದ ಕೈಗಳ ಮಾತನ್ನು ಯಂತ್ರ ಬರೆಯುವವರು ಕೇಳಲೇಬೇಕು.

ಮಕ್ಕಳಿಗೊಂದು ಮನೆಗೆಲಸ: ಅಂಗಡಿಯ ಸೆಲ್ಫ್ ಚೆಕ್‌ಔಟ್‌ನಲ್ಲಿ ದೀಪ ಮಿನುಗಿ ಸಹಾಯಕರನ್ನು ಕರೆಯುತ್ತದಲ್ಲ, ಹಾಗೆ ಮನುಷ್ಯರನ್ನು ಕರೆಯುವ ಇನ್ನೂ ಮೂರು ಯಂತ್ರಗಳನ್ನು ಹುಡುಕಿ. ಮುಂದಿನ ಪಾಟ್‌ಲಕ್‌ನಲ್ಲಿ ಹೇಳುವಿರಂತೆ!