ಯಜಮಾನರು ತೀರಿಕೊಂಡ ಮನೆಗೆ ಬೇಕಾಗುವ ಕಾಗದಗಳು

ಮನೆಯ ಯಜಮಾನರು ತೀರಿಕೊಂಡಾಗ ದುಃಖದಲ್ಲಿ ಕಾಗದಪತ್ರಗಳ ವಿಚಾರ ಹಿಂದೆ ಬೀಳುವುದು ಸಹಜ. ಆದರೆ ಆದವಾನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮಾರಿದ ಹಣ ಅವರ ಖಾತೆಯಲ್ಲಿಯೇ ನಿಂತಿರುತ್ತದೆ. ಹೊಲವೂ ಅವರ ಹೆಸರಿನಲ್ಲಿಯೇ ಇರುತ್ತದೆ. ಬಿತ್ತನೆಯ ಕಾಲಕ್ಕೆ ಸಾಲವೂ ಹುಟ್ಟದು. ಆಗ ಯಾರಾದರೊಬ್ಬರು, ಎಲ್ಲಕ್ಕೂ ಕೋರ್ಟೇ ಗತಿ ಎಂದು ಹೆದರಿಸುತ್ತಾರೆ. ಹಾಗೇನೂ ಇಲ್ಲ. ಯಾವ ಕೆಲಸಕ್ಕೆ ಯಾವ ಕಾಗದವೆಂಬುದನ್ನು ರೈತ ಬಾಂಧವರು ತಿಳಿದಿರಬೇಕು.

1. ಮರಣ ಪತ್ರ: ಮರಣವನ್ನು 21 ದಿನಗಳೊಳಗೆ ದಾಖಲು ಮಾಡಿಸತಕ್ಕದ್ದು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುವುದು. ಮುಂದಿನ ಎಲ್ಲ ಕೆಲಸಕ್ಕೂ ಇದೇ ಬುನಾದಿ.

2. ಕುಟುಂಬ ಸದಸ್ಯರ ಪತ್ರ: ಇದನ್ನು ತಹಶೀಲ್ದಾರರು ಕೊಡುತ್ತಾರೆ. ಮನೆಯಲ್ಲಿ ಯಾರು ಯಾರಿದ್ದಾರೆಂದು ಇದು ತಿಳಿಸುತ್ತದೆ. ಯಾರ ಪಾಲು ಎಷ್ಟೆಂದು ತೀರ್ಮಾನಿಸುವುದಿಲ್ಲ.

3. ಹೊಲ: ತಕರಾರಿಲ್ಲದಿದ್ದರೆ ಕೋರ್ಟಿಗೆ ಹೋಗಬೇಕಾಗಿಲ್ಲ. 1971ರ ಪಟ್ಟಾದಾರ ಪಾಸು ಪುಸ್ತಕದ ಕಾಯಿದೆಯಂತೆ, ವಾರಸಿನಿಂದ ಹಕ್ಕು ಬಂದ 90 ದಿನಗಳೊಳಗೆ ತಹಶೀಲ್ದಾರರಿಗೆ ಬರೆದು ತಿಳಿಸಬೇಕು. ಸಿರುಗುಪ್ಪದ ಕಡೆಯೂ ಹೊಲವಿದ್ದರೆ ಅಲ್ಲಿಯ ಕಚೇರಿಯಲ್ಲಿ ಪೌತಿ ಖಾತೆಗೆ ಬೇರೆ ಅರ್ಜಿ ಕೊಡಬೇಕು.

4. ಬ್ಯಾಂಕಿನ ಹಣ: ನಾಮಿನಿ ಇದ್ದರೆ ಹಣ ಅವರ ಕೈಗೆ ಬರುತ್ತದೆ. ಆದರೆ ನಾಮಿನಿಯು ಹಣ ಪಡೆಯುವವನೇ ಹೊರತು ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಅವನು ವಾರಸುದಾರರಿಗೆಲ್ಲ ಲೆಕ್ಕ ಒಪ್ಪಿಸಬೇಕು. ನಾಮಿನಿ ಇಲ್ಲದಿದ್ದರೂ, ವಿಲ್ ಮತ್ತು ತಕರಾರು ಇಲ್ಲದ ಪಕ್ಷದಲ್ಲಿ, ವಾಣಿಜ್ಯ ಬ್ಯಾಂಕುಗಳು 15 ಲಕ್ಷ, ಸಹಕಾರಿ ಬ್ಯಾಂಕುಗಳು 5 ಲಕ್ಷ ರೂಪಾಯಿವರೆಗೆ ಕೋರ್ಟಿನ ಪತ್ರ ಕೇಳದೆ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ನಿಯಮ ಮಾಡಿದೆ.

5. ಸಕ್ಸೆಷನ್ ಸರ್ಟಿಫಿಕೇಟು: ಅದಕ್ಕೂ ಮೀರಿದ ಹಣಕ್ಕೆ ಬ್ಯಾಂಕು ಕೋರ್ಟಿನ ಪತ್ರ ಕೇಳಿದರೆ, ಇಲ್ಲವೆ ತಕರಾರಿದ್ದರೆ, ಆಗ ಕೋರ್ಟು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ತೀರಿಕೊಂಡವರು ಎಲ್ಲಿ ವಾಸವಾಗಿದ್ದರೋ ಅಲ್ಲಿಯ ಜಿಲ್ಲಾ ನ್ಯಾಯಾಧೀಶರಿಗೆ, ಅಥವಾ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ಕೋರ್ಟಿಗೆ ಅರ್ಜಿ ಹಾಕಬೇಕು. ಮರಣದ ದಿನ, ವಾಸಸ್ಥಳ, ಹತ್ತಿರದ ಬಂಧುಗಳೆಲ್ಲರ ಹೆಸರು, ನಿಮ್ಮ ಹಕ್ಕಿನ ಆಧಾರ, ಬರಬೇಕಾದ ಹಣದ ವಿವರ ಇವಿಷ್ಟನ್ನೂ ಅದರಲ್ಲಿ ಬರೆಯಬೇಕು. ಕೋರ್ಟು ಇತರರಿಗೆ ನೋಟೀಸು ಕೊಟ್ಟು ವಿಚಾರಣೆ ನಡೆಸುತ್ತದೆ. ಈ ಪತ್ರ ಇಡೀ ದೇಶದಲ್ಲಿ ನಡೆಯುತ್ತದೆ. ಆದವಾನಿಯಲ್ಲಿ ಪಡೆದುದನ್ನು ಬಳ್ಳಾರಿಯ ಬ್ಯಾಂಕೂ ಒಪ್ಪಬೇಕು. ಆದರೆ ಇದು ಹಣ ವಸೂಲಿಗೆ ಮಾತ್ರ, ಹೊಲಕ್ಕಲ್ಲ.

ಹೆಣ್ಣುಮಕ್ಕಳ ಹೆಸರು ಬಿಡಬಾರದು

“ತಂಗಿಗೆ ಮದುವೆ ಮಾಡಿ ಕೊಟ್ಟಾಗಿದೆ, ಅವಳ ಹೆಸರೇಕೆ?” ಎನ್ನುವವರು ನಮ್ಮಲ್ಲಿ ಬಹಳ. ಇದು ತಪ್ಪು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ವಿಲ್ ಇಲ್ಲದ ತಂದೆಯ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿಯೂ ಮಗಳು ಮಗನಂತೆಯೇ ಹಕ್ಕುದಾರಳು. ಮುಸ್ಲಿಂ ಬಾಂಧವರ ಪಾಲುಗಳು ಅವರ ಧರ್ಮಶಾಸ್ತ್ರದಂತೆ. ಅಲ್ಲಿಯೂ ಮಗಳಿಗೆ ಪಾಲುಂಟು. ಒಬ್ಬರ ಹೆಸರು ಮುಚ್ಚಿಟ್ಟು ಪಡೆದ ಸರ್ಟಿಫಿಕೇಟನ್ನು ಕೋರ್ಟು ರದ್ದು ಮಾಡಬಹುದು. ಆಗ ಖರ್ಚೂ ಹೋಯಿತು, ಅಣ್ಣ ತಂಗಿಯರ ಬಾಂಧವ್ಯವೂ ಹೋಯಿತು.

ಹೆಸರಿನ ತೊಡಕು

ಗಡಿಯವರಾದ ನಮಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಈರಣ್ಣ, ತೆಲುಗಿನ ಪಾಸು ಪುಸ್ತಕದಲ್ಲಿ ವೀರನ್ನ, ಬ್ಯಾಂಕಿನಲ್ಲಿ ಇನ್ನೊಂದು. ಮೂವರೂ ಒಬ್ಬರೇ ಎಂದು ತೋರಿಸುವುದಕ್ಕೇ ತಿಂಗಳುಗಳು ಕಳೆಯುತ್ತವೆ. ಆದ್ದರಿಂದ ಅರ್ಜಿಯಲ್ಲಿ “ಈರಣ್ಣ ಉರುಫ್ ವೀರನ್ನ” ಎಂದು ಎಲ್ಲ ಹೆಸರನ್ನೂ ಬರೆಸಿರಿ. ತೆಲುಗು ಓದಲು ಬಾರದವರು, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು.

ವಕೀಲರ ಫೀಜಿಗೆ ಅಂಜಿ ವಿಧವೆಯರು ಹಕ್ಕು ಬಿಡಬೇಕಾಗಿಲ್ಲ. 1987ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಉಚಿತ ವಕೀಲರ ನೆರವುಂಟು. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿರಿ.

ಎಲ್ಲಕ್ಕಿಂತ ಮೊದಲು, ಯಜಮಾನರು ಬದುಕಿರುವಾಗಲೇ ಖಾತೆಗೆ ನಾಮಿನಿ ಬರೆಸಿ, ಹೆಸರುಗಳನ್ನು ಒಂದೇ ರೀತಿ ಮಾಡಿಸಿಡುವುದು ಲೇಸು. ಒಂದು ದಿನದ ಆ ಕೆಲಸ ಮಕ್ಕಳ ವರ್ಷಗಟ್ಟಲೆಯ ಅಲೆದಾಟ ತಪ್ಪಿಸುತ್ತದೆ.