ತಗಡಿನ ಮನೆ ಯಾಕಿಷ್ಟು ಕಾಯುತ್ತದೆ?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಮತ್ತೆ ಮುಟ್ಟಿಸಿದ್ದು ನಮ್ಮ ಮನೆಯ ಛಾವಣಿ. ಕಲಬುರಗಿಯ ಬೇಸಿಗೆ ಎಂದರೆ 40 ಡಿಗ್ರಿ ದಾಟುವ ಬಿಸಿಲು; ನಾವಿರುವುದು ತಗಡಿನ ಶೀಟಿನ ಬಾಡಿಗೆ ಮನೆ. ನಮ್ಮ ದಾದಿಗೆ ನಡೆಯಲು ಆಗುವುದಿಲ್ಲ. ಇಡೀ ದಿನ ಆ ತಗಡಿನ ಕೆಳಗೆ ಮಂಚದ ಮೇಲೇ ಇರುತ್ತಾರೆ. ಹೋದ ಮೇ ತಿಂಗಳಲ್ಲಿ ಎರಡು ಸಲ ಅವರಿಗೆ ಗ್ಲೂಕೋಸ್ ಹಾಕಿಸಬೇಕಾಯಿತು. ಹಾಗಾಗಿ ಈ ಪಾಠವನ್ನು ನಾನು ಓದಿದ್ದು ಅಂಕಕ್ಕಾಗಿ ಅಲ್ಲ.

ಶಾಖ ತಾನಾಗಿ ಹರಿಯುವುದು ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದ ವಸ್ತುವಿಗೆ. ನಮ್ಮ ಲೆಕ್ಕಶಾಸ್ತ್ರದಂತೆ ಹೇಳಿದರೆ, ಒಂದರ ಖಾತೆಯಲ್ಲಿ ಖರ್ಚಾದಷ್ಟೇ ಇನ್ನೊಂದರ ಖಾತೆಗೆ ಜಮಾ. ದಾರಿ ಮೂರು. ಬಿಸಿ ಚಹಾದಲ್ಲಿಟ್ಟ ಸ್ಟೀಲ್ ಚಮಚದ ಹಿಡಿಯೂ ಬಿಸಿಯಾಗುತ್ತದಲ್ಲ, ಅದು ವಹನ. ಕಾದ ನೀರು ಅಥವಾ ಗಾಳಿ ಹಗುರಾಗಿ ಮೇಲೇರಿ ಶಾಖವನ್ನು ಹೊತ್ತೊಯ್ಯುವುದು ಸಂವಹನ. (ವ್ಯವಹಾರ ಅಧ್ಯಯನದಲ್ಲಿ ಸಂವಹನ ಎಂದರೆ ಕಮ್ಯುನಿಕೇಶನ್! ಕಾಮರ್ಸ್‌ನವರು ಗೊಂದಲ ಮಾಡಿಕೊಳ್ಳಬೇಡಿ.) ಮೂರನೆಯದು ವಿಕಿರಣ. ಇದಕ್ಕೆ ನಡುವೆ ಏನೂ ಬೇಕಿಲ್ಲ. ಸೂರ್ಯನ ಶಾಖ ನಿರ್ವಾತವನ್ನು ದಾಟಿ ಬರುವುದು ಹೀಗೆಯೇ. ಒಲೆಯ ಮುಂದೆ ಕುಳಿತಾಗ ಮುಖಕ್ಕೆ ಬಡಿಯುವುದೂ ಇದೇ. ಉರ್ದುವಿನಲ್ಲಿ ನಾವು ತಪಿಶ್ ಎನ್ನುತ್ತೇವೆ, ಕನ್ನಡದಲ್ಲಿ ಝಳ. ಪುಸ್ತಕದ ‘ವಿಕಿರಣ’ಕ್ಕಿಂತ ನನಗೆ ಝಳ ಎಂಬ ಮಾತೇ ಹೆಚ್ಚು ಸರಿ ಅನಿಸುತ್ತದೆ.

ಈಗ ಛಾವಣಿಗೆ ಬರೋಣ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ತಗಡಿನ ಮೇಲೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಅಂದರೆ ಚದರ ಮೀಟರಿಗೊಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಉಕ್ಕು ಶಾಖವನ್ನು ನಿಂತ ಗಾಳಿಗಿಂತ ಸುಮಾರು 2,000 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಅದರಲ್ಲೂ ಶೀಟಿನ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಮೇಲ್ಮೈ ಕಾದ ಕ್ಷಣವೇ ಒಳಮೈಯೂ ಕಾಯುತ್ತದೆ.

ಆದರೆ ಒಂದು ಪ್ರಶ್ನೆ ನನ್ನನ್ನು ಕಾಡಿತು. ಬಿಸಿ ಗಾಳಿ ಮೇಲೆ ಹೋಗುತ್ತದೆ, ತಗಡು ಇರುವುದೂ ಮೇಲೆಯೇ. ಹಾಗಿದ್ದರೆ ಶಾಖ ಕೆಳಗಿನ ಮಂಚಕ್ಕೆ ಹೇಗೆ ಇಳಿಯಿತು? ಉತ್ತರ ಬೇಕಿದ್ದರೆ ಜುಹರ್ ಹೊತ್ತಿಗೆ ತಗಡಿನ ಕೆಳಗೆ ನಿಂತು ತಲೆಯ ಮೇಲೆ ಒಂದು ನೋಟ್‌ಬುಕ್ ಹಿಡಿಯಿರಿ. ನೆತ್ತಿಯ ಉರಿ ತಟ್ಟನೆ ಇಳಿಯುತ್ತದೆ. ಗಾಳಿ ಅದೇ, ಕೋಣೆ ಅದೇ. ತಡೆದದ್ದು ಝಳವನ್ನು ಮಾತ್ರ. ಕಾದ ತಗಡೇ ನಮ್ಮ ಮೇಲೆ ಒಂದು ಚಿಕ್ಕ ಸೂರ್ಯನಂತೆ ಕೆಲಸ ಮಾಡುತ್ತಿರುತ್ತದೆ.

ಫ್ಯಾನ್ ಈ ಝಳವನ್ನು ತಡೆಯುವುದಿಲ್ಲ. ಮೇಲಿನ ಬಿಸಿ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ ಬೇರೆ. ಅದರಿಂದ ನಮಗೆ ತಂಪಾಗುವುದು ಬೆವರು ಆರುವುದರಿಂದ. ವಯಸ್ಸಾದವರಿಗೆ ಬೆವರುವುದೇ ಕಡಿಮೆ, ದಾದಿಯಂತೂ ನೀರು ಕುಡಿಯುವುದಕ್ಕೂ ಹಟ ಮಾಡುತ್ತಾರೆ. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದಾಗ ಅಂಥವರಿಗೆ ಫ್ಯಾನ್ ಒಂದನ್ನೇ ನಂಬಿ ಕೂರುವಂತಿಲ್ಲ.

ನೆರೆಮನೆಯವರದು ಶಹಾಬಾದ್ ಕಲ್ಲಿನ ಛಾವಣಿ. ಅವರ ಗೋಳು ಉಲ್ಟಾ: ಕಲ್ಲು ನಿಧಾನಕ್ಕೆ ಕಾದು, ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ನಮ್ಮ ತಗಡು ಸಂಜೆಗೆ ಬೇಗ ಆರುತ್ತದೆ, ಅಷ್ಟೇ ಅದರ ಪುಣ್ಯ.

ಅಬ್ಬಾ ಕೂಲರ್ ತರುವ ಮಾತಾಡುತ್ತಿದ್ದರು. ನಾನು ಲೆಕ್ಕ ಹಾಕಿ ತೋರಿಸಿದೆ: ಕೂಲರ್‌ಗೆ ಮೊದಲು ಬಂಡವಾಳ, ಆಮೇಲೆ ತಿಂಗಳು ತಿಂಗಳೂ ಕರೆಂಟ್ ಬಿಲ್ಲು. ಸುಣ್ಣಕ್ಕೆ ವರ್ಷಕ್ಕೊಂದು ಸಲ ಖರ್ಚು. ಬಿಳಿ ಸುಣ್ಣ ಬಿಸಿಲಿನ ಹೆಚ್ಚಿನ ಪಾಲನ್ನು ಒಳಗೆ ಬಿಟ್ಟುಕೊಳ್ಳದೆ ವಾಪಸು ಕಳಿಸುತ್ತದೆ. ಅಹಮದಾಬಾದಿನಲ್ಲಿ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಸಿದ್ದು ಇದೇ ಕಾರಣಕ್ಕೆ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದರೆ ತಗಡಿಗೆ ಹಿಡಿದುಕೊಳ್ಳುತ್ತದೆ. ಬಳಿಯುವುದು ಬೆಳಗಿನ ತಂಪಿನಲ್ಲಿ, ಶೀಟು ಕಾಯುವ ಮೊದಲು.

ಮನೆ ಮಾಲೀಕರು ಸುಣ್ಣಕ್ಕೆ ಒಪ್ಪಿದ್ದಾರೆ, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಒಡೆಯಲು ಒಪ್ಪಿಲ್ಲ. ಆದ್ದರಿಂದ ಸದ್ಯಕ್ಕೆ ದಾದಿಯ ಮಂಚದ ಮೇಲೆ, ತಗಡಿನಿಂದ ಒಂದು ಮೊಳ ಕೆಳಗೆ, ಎರಡು ಹಳೇ ಚಾದರಗಳನ್ನು ಕಟ್ಟಿದ್ದೇವೆ. “ಯಾರ ಶಾದಿಗೆ ಈ ಶಾಮಿಯಾನ?” ಎಂದು ದಾದಿ ಕೇಳಿದರು. ಆ ದಿನ ಮಧ್ಯಾಹ್ನ ನಿದ್ದೆಯನ್ನೂ ಮಾಡಿದರು.

ಚಾದರದ ಬದಲು ಥರ್ಮೋಕೋಲ್ ಹಾಕುವವರು ಅಡುಗೆಯ ಒಲೆಯ ಮೇಲ್ಭಾಗ ಬಿಟ್ಟು ಹಾಕಿ, ಅದು ಬೇಗ ಬೆಂಕಿ ಹಿಡಿಯುತ್ತದೆ. ಏನೇ ಕಟ್ಟಿದರೂ ತಗಡಿಗೆ ತಾಗಿಸಬೇಡಿ. ತಾಗಿದರೆ ಶಾಖ ವಹನದಿಂದ ನೇರವಾಗಿ ಕೆಳಗೆ ಇಳಿಯುತ್ತದೆ.